ಹಿಂದೆ ಕುಳಿತವರಿಗೂ ವಿಮೆ

ಮೊನ್ನೆ ಒಂಬತ್ತನೇ ತರಗತಿಯ ವಿಜ್ಞಾನ ಪುಸ್ತಕ ತೆರೆದಾಗ ಅದರೊಳಗಿಂದ ಒಂದು ತೆಳು ಕಾಗದದ ಚೂರು ಜಾರಿ ಬಿತ್ತು. ಬಿಳಿ ಕಾಗದದ ಮೇಲೆ ಪೆನ್ಸಿಲ್ ಉಜ್ಜಿದ ಕಪ್ಪು ಪಟ್ಟಿ, ಆ ಕಪ್ಪಿನೊಳಗೆ ಬೆಳ್ಳಗೆ ಎದ್ದು ಬಂದ ಒಂದಷ್ಟು ಅಂಕಿಗಳು. ನೀವೂ ಚಿಕ್ಕವರಿದ್ದಾಗ ನಾಣ್ಯದ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿರುತ್ತೀರಿ. ನಾನಂತೂ ಎಲೆ, ಬಳೆ ಚೂರು, ಅಪ್ಪನ ಖಾಕಿ ಅಂಗಿಯ ಗುಂಡಿ, ಒಂದನ್ನೂ ಬಿಟ್ಟವಳಲ್ಲ. ಕೆಳಗಿರುವುದು ಕಣ್ಣಿಗೆ ಕಾಣುವುದಿಲ್ಲ, ಉಜ್ಜುತ್ತ ಹೋದ ಹಾಗೆ ತಾನಾಗಿ ಮೇಲೆ ಬರುತ್ತದೆ. ಅದನ್ನು ನೋಡುವಾಗ ಆಗುತ್ತಿದ್ದ ಮೈ ಜುಮ್ಮೆನ್ನುವಿಕೆ ಐವತ್ತರ ಹತ್ತಿರ ಬಂದರೂ ಹೋಗಿಲ್ಲ.

ಈ ಚೂರಿನಲ್ಲಿದ್ದದ್ದು ನನ್ನ ಜೀಪಿನ ಚಾಸಿ ನಂಬರು. ವಿಮೆ ಮಾಡಿಸುವಾಗ ತೆಗೆದದ್ದು.

ನಾನು ಕೊಟ್ಟೂರಿನಲ್ಲಿ ಹೈಸ್ಕೂಲು ಟೀಚರು. ದೆವ್ವ ಭೂತ ಇಲ್ಲವೆಂದು ವರ್ಷಕ್ಕೊಂದು ಸಲ ಮಕ್ಕಳಿಗೆ ಪಾಠದ ಹೊರಗೆ ಒಂದು ತಾಸು ಹೇಳುತ್ತೇನೆ. ಅದನ್ನು ನನಗೆ ಹೇಳಿಕೊಟ್ಟವನು ಅಪ್ಪ. ನಮ್ಮ ಕೇರಿಯಲ್ಲಿ ಮೊದಲು ಸರ್ಕಾರಿ ಸಂಬಳ ತಂದವನು ಅವನೇ. ಹರಪನಹಳ್ಳಿಯಲ್ಲಿ ಆರೋಗ್ಯ ಇಲಾಖೆಯ ಜೀಪು ಓಡಿಸುತ್ತಿದ್ದ. ಮನೆಯ ಗೋಡೆಗೆ ಬುದ್ಧನ ಒಂದೇ ಪಟ. ಅಮ್ಮ ಕದ್ದು ನಿಂಬೆಹಣ್ಣು ಇಳಿಸಿದರೆ ಅಪ್ಪ ಅದನ್ನೇ ಹಿಂಡಿ ಶರಬತ್ತು ಮಾಡಿ ಕುಡಿಯುತ್ತಿದ್ದ. ಇಂಥವನ ಮಗಳು ನಾನು. ಇದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದನ್ನು ಹೇಳುವ ಧೈರ್ಯ ಬರುತ್ತದೆ.

ಆ ಅಪ್ಪನಿಗೂ ಒಂದು ಅಭ್ಯಾಸವಿತ್ತು. ಜೀಪು ಚಾಲೂ ಮಾಡುವ ಮುಂಚೆ ಕತ್ತು ತಿರುಗಿಸಿ ಹಿಂದಕ್ಕೆ ನೋಡಿ, ‘ಹೊಂಟ್ವಿ ನೋಡವ್ವಾ’ ಅನ್ನುತ್ತಿದ್ದ. ನನಗೇ ಹೇಳುತ್ತಾನೆ ಅಂದುಕೊಂಡಿದ್ದೆ, ಯಾಕೆಂದರೆ ಹಿಂದಿನ ಬೆಂಚು ನನ್ನ ಜಾಗ. ಆರೇಳು ವರ್ಷದವಳಿದ್ದಾಗ ಒಂದು ದಿನ ಮನೆಯ ಗೇಟಿಗೆ ಆತು ನಿಂತು ಅವನು ಡ್ಯೂಟಿಗೆ ಹೊರಡುವುದನ್ನು ನೋಡಿದೆ. ಜೀಪು ಖಾಲಿ. ಅಪ್ಪ ಹಿಂದಕ್ಕೆ ತಿರುಗಿದ. ‘ಹೊಂಟ್ವಿ ನೋಡವ್ವಾ’ ಅಂದ. ಹೊರಟ.

ಆ ಜೀಪು ಕೆಟ್ಟು ನಿಂತು, ಹರಾಜಾಗಿ, ಎಲ್ಲೋ ಹೋಯಿತು. ಅಪ್ಪನೂ ತೀರಿಕೊಂಡ. ಆ ಜೀಪನ್ನು ನಾನು ಮತ್ತೆ ಕಂಡದ್ದು ನಮ್ಮ ಕಡೆಯ ಅರಸೀಕೆರೆಗೆ ಮದುವೆಗೆ ಹೋಗಿ ಬರುವಾಗ. ನಮ್ಮ ಯಜಮಾನರ ಬೈಕು ಪಂಕ್ಚರ್ ಆಗಿ, ಹರಪನಹಳ್ಳಿಯ ಹೊರಗೊಂದು ಗ್ಯಾರೇಜಿನಲ್ಲಿ ಕಾಯುತ್ತಿದ್ದೆವು. ಮೂಲೆಯಲ್ಲಿ ಹಸಿರು ತಾಡಪತ್ರಿಯ ಹುಡ್ಡಿನ ಹಳೇ ಜೀಪೊಂದು ನಿಂತಿತ್ತು. ಹಳೇ ಜೀಪುಗಳೆಲ್ಲ ನೋಡಲು ಒಂದೇ. ಸುಮ್ಮನೆ ಪರದೆ ಎತ್ತಿ ಒಳಗೆ ಇಣುಕಿದೆ. ಹುಡ್ಡಿನ ಕಬ್ಬಿಣದ ಕಮಾನಿಗೆ ಬೆಸುಗೆ ಹಾಕಿದ ಹಿತ್ತಾಳೆಯ ಕೊಂಡಿ ಕಾಣಿಸಿತು. ಅದು ನನ್ನ ತೊಟ್ಟಿಲಿನ ಕೊಂಡಿ! ಸಲೈನ್ ಬಾಟಲಿ ತೂಗುಹಾಕಲಿಕ್ಕೆ ಒಂದು ಬೇಕೆಂದು ಅಪ್ಪ ತೊಟ್ಟಿಲಿನಿಂದ ಕಿತ್ತುಕೊಂಡು ಹೋಗಿದ್ದನಂತೆ. ಜೋಡಿಯ ಇನ್ನೊಂದು ಕೊಂಡಿ ಈಗಲೂ ನಮ್ಮ ಅಡುಗೆಮನೆಯಲ್ಲಿ ಈರುಳ್ಳಿ ಬುಟ್ಟಿಯನ್ನು ಹೊತ್ತು ನೇತಾಡುತ್ತಿದೆ.

‘ಇದನ್ನ ತಗೊಂಡು ಏನ್ ಮಾಡ್ತಿ?’ ಅಂದರು ಯಜಮಾನರು. ‘ನಿನಗ ಸೈಕಲ್ ಸುದ್ದಾ ಬರಂಗಿಲ್ಲ.’

‘ಕಲಿತೀನಿ.’

‘ವಾರಕ್ಕೊಂದು ಸಲ ತಳ್ಳಾಕ ನಾನs ಬರಬೇಕು. ಅಷ್ಟ ತಾನೆ?’

ಅವರ ಭವಿಷ್ಯವಾಣಿ ನಿಜವೇ ಆಯಿತು. ಊರ ಹೊರಗಿನ ಬಯಲಿನಲ್ಲಿ ಕಲಿಯುವಾಗ ನಾನು ಗೇರು ಹಾಕಿದ ಶಬ್ದಕ್ಕೆ ಮೇಯುತ್ತಿದ್ದ ಕುರಿಗಳೆಲ್ಲ ಒಟ್ಟಿಗೆ ತಲೆ ಎತ್ತುತ್ತಿದ್ದವು. ಆದರೂ ಕಲಿತೆ. ಲೈಸೆನ್ಸೂ ಬಂತು. ಉಳಿದದ್ದು ವಿಮೆ.

ವಿಮೆ ಇಷ್ಟು ಕಷ್ಟವೆಂದು ಗೊತ್ತಿರಲಿಲ್ಲ. ಮೊಬೈಲಿನಲ್ಲಿ ಐದು ನಿಮಿಷದ ಕೆಲಸ ಎಂದು ಸಹೋದ್ಯೋಗಿಗಳು ಹೇಳಿದ್ದರು. ಗಾಡಿ ತಯಾರಾದ ವರ್ಷ ಆರಿಸಿ ಅಂತ ಒಂದು ಪಟ್ಟಿ ಬಂತು. ಬೆರಳಿನಿಂದ ಕೆಳಕ್ಕೆ ಕೆಳಕ್ಕೆ ಜಾರಿಸಿದೆ. ಪಟ್ಟಿ ಮುಗಿದೇ ಹೋಯಿತು, ನನ್ನ ಜೀಪಿನ ವರ್ಷ ಬರಲೇ ಇಲ್ಲ. ನೋಂದಣಿ ಸಂಖ್ಯೆ ಹಾಕಿದರೆ ‘ಇಂಥ ವಾಹನ ಕಂಡುಬಂದಿಲ್ಲ’ ಎಂಬ ಉತ್ತರ. ಕಿಟಕಿಯಿಂದ ಹೊರಗೆ ನೋಡಿದೆ. ವಾಹನ ನಿಂತಿತ್ತು. ಮತ್ತೆ ಮೊಬೈಲು ನೋಡಿದೆ. ವಾಹನ ಇರಲಿಲ್ಲ. ಮಧ್ಯಾಹ್ನದ ಬಿಸಿಲಿನಲ್ಲೂ ಯಾಕೋ ಒಂದು ಕ್ಷಣ ಹಿಡಿಸಲಿಲ್ಲ.

ಕೊನೆಗೆ ಯಾರೋ ಖಾದರ್ ಸಾಹೇಬರ ಹೆಸರು ಹೇಳಿದರು. ಹಗರಿಬೊಮ್ಮನಹಳ್ಳಿಯವರು, ಮೂವತ್ತು ವರ್ಷದಿಂದ ವಿಮೆ ಏಜೆಂಟು. ಮಾತು ಮೆಲ್ಲಗೆ, ಅಂಗಿ ಇಸ್ತ್ರಿಯದ್ದು, ಜೇಬಿನಲ್ಲಿ ನಾಲ್ಕು ಬಣ್ಣದ ಪೆನ್ನು. ಹಳೇ ಗಾಡಿಗಳೆಂದರೆ ಅವರಿಗೂ ಪ್ರೀತಿ. ಆದರೆ ಬಂದವರೇ ಹೇಳಿದ್ದು, ‘ಟೀಚರಮ್ಮ, ಖರೇ ಹೇಳ್ತೀನಿ. ಇಷ್ಟು ವಯಸ್ಸಾದ ಗಾಡಿಗೆ ಕಂಪನಿಯೋರು ಥರ್ಡ್ ಪಾರ್ಟಿ ಬಿಟ್ಟು ಬ್ಯಾರೆ ಕೊಡಾಕ ಒಪ್ಪಂಗಿಲ್ಲ. ಅದನ್ನ ಮಾಡಿಸಿ ಸುಮ್ಮನಾಗಿಬಿಡ್ರಿ.’

‘ಆಗಲಿ’ ಅಂದೆ. ಥರ್ಡ್ ಪಾರ್ಟಿ ಅಂದರೇನು ಅಂತ ಕೇಳುವಷ್ಟೂ ವ್ಯವಧಾನ ನನಗಿರಲಿಲ್ಲ.

ಚಾಸಿ ನಂಬರಿನ ಅಚ್ಚು ತೆಗೆಯಲು ಅವರು ಅಂಗಳದಲ್ಲಿ ಗೋಣಿಚೀಲ ಹಾಸಿ, ಟಾರ್ಚು ಹಿಡಿದು ಜೀಪಿನ ಅಡಿಗೆ ಜಾರಿದರು. ಹನ್ನೆರಡೂವರೆ ಇರಬೇಕು. ಬೀದಿಯಲ್ಲಿ ಯಾರೂ ಇರಲಿಲ್ಲ. ನಾನು ಮೆಟ್ಟಿಲ ಮೇಲೆ ಕುಳಿತು ಉತ್ತರಪತ್ರಿಕೆ ತಿದ್ದುತ್ತಿದ್ದೆ. ಪೆನ್ಸಿಲ್ ಉಜ್ಜುವ ಸರಸರ ಶಬ್ದ ಕೇಳುತ್ತಿತ್ತು. ಅದು ನಿಂತಿತು. ಕಬ್ಬಿಣ ಮೆಲ್ಲಗೆ ನರಳಿದ ಹಾಗೆ ಒಂದು ಸದ್ದು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಅಡಿಯಿಂದ ಸಾಹೇಬರ ದನಿ ಬಂತು: ‘ಟೀಚರಮ್ಮ, ನಾ ಕೆಳಗ ಅದೀನ್ರಿ. ಇಳಿಯಾಕ ಹೇಳ್ರಿ ಅವರಿಗೆ.’

‘ಯಾರಿಗೆ?’

ಅವರು ತೆವಳಿಕೊಂಡು ಹೊರಗೆ ಬಂದರು. ಇಸ್ತ್ರಿ ಅಂಗಿಯ ತುಂಬ ಮಣ್ಣು. ಎದ್ದು ನಿಂತು ಹಿಂದಿನ ಪರದೆ ಎತ್ತಿ ನೋಡಿದರು. ಒಳಗೆ ಎರಡು ಬೆಂಚು, ಒಂದು ಸ್ಟೆಪ್ನಿ ಟೈರು.

‘ಪಾಟೆ ಕೆಳಗಿಳೀತ್ರಿ,’ ಅಂದರು. ‘ಹಿಂದಿನ ಪಾಟೆ. ನನ್ನ ಕಣ್ಣೆದುರಿಗೇನ. ಒಂದು ಆಳು ಹತ್ತಿ ಕುಂತಾಗ ಹೆಂಗ ಇಳಿತೈತಿ, ಹಂಗ. ನಾ ಮೂವತ್ತು ವರ್ಷ ಗಾಡಿ ಅಡಿಗೆ ಮಲಗೀನ್ರಿ.’

ಹಳೇ ಸ್ಪ್ರಿಂಗು, ಬಿಸಿಲಿಗೆ ಹಿಗ್ಗಿರುತ್ತದೆ, ಹಿಗ್ಗಿದ್ದು ಜಾರಿ ಕೂರುತ್ತದೆ ಎಂದು ನಾನು ಪಾಠ ಮಾಡಿದೆ. ಅವರು ತಲೆಯಾಡಿಸುತ್ತ ಕೇಳಿದರು, ನೀರು ಕುಡಿದರು. ಅರ್ಜಿಯನ್ನು ಮುಂದಿಟ್ಟುಕೊಂಡು ಮೊದಲು ಬರೆದದ್ದನ್ನು ಉದ್ದಕ್ಕೂ ಹೊಡೆದುಹಾಕಿದರು.

‘ಥರ್ಡ್ ಪಾರ್ಟಿ ಬ್ಯಾಡ್ರಿ. ಅದು ರಸ್ತೇದಾಗಿನ ಮಂದಿಗೆ. ನಿಮ್ಮ ಗಾಡಿ ಬಡಿದು ಯಾರಿಗಾರ ಏನಾರ ಆದ್ರ ಅವರಿಗೆ ಕೊಡ್ತಾರ. ಗಾಡ್ಯಾಗ ಕುಂತೋರಿಗೆ ಏನೂ ಇಲ್ಲ. ನಿಮಗ ಪ್ಯಾಕೇಜ್ ಮಾಡಿಸ್ತೀನಿ. ಹಿಂದ ಕುಂತೋರಿಗೂ ಇರಬೇಕು.’

‘ಹಿಂದೆ ಯಾರೂ ಕೂಡೋದಿಲ್ಲ ಸಾಹೇಬ್ರ.’

‘ಇರಲಿ ಬಿಡ್ರಿ. ನಾ ಕಂಪನಿಯೋರ ಕೂಡ ಮಾತಾಡ್ತೀನಿ.’

ಮೂರು ವಾರ ಮಾತಾಡಿದರು. ಅಷ್ಟರಲ್ಲಿ ಹಳೇ ಜೀಪಿನ ವಿಮೆಯ ಸಂಗತಿಗಳು ನನಗೂ ಒಂದೊಂದಾಗಿ ತಿಳಿದವು. ಗಾಡಿಯ ಬೆಲೆಯನ್ನು ಕಂಪನಿಯ ಲೆಕ್ಕಕ್ಕೆ ಬಿಟ್ಟರೆ ಗುಜರಿಯ ಬೆಲೆ ಬರುತ್ತದೆ. ಅದಕ್ಕೇ ಗ್ಯಾರೇಜಿನವನಿಂದ ಒಂದು ಕಾಗದ ಬರೆಸಿ, ನಾಲ್ಕೂ ಕಡೆಯ ಫೋಟೋ ಹಚ್ಚಿ, ಇಬ್ಬರೂ ಒಪ್ಪಿದ ಬೆಲೆ ಪಾಲಿಸಿಯಲ್ಲಿ ಬರೆಸಬೇಕು. ನಡುವೆ ಯಾರೋ ಇಂಜಿನ್ ಬದಲಿಸಿದ್ದರು. ಅದು ಆರ್‌.ಸಿ.ಯಲ್ಲಿ ನಮೂದಾಗದಿದ್ದರೆ ಅದೇ ನೆಪದಲ್ಲಿ ಕ್ಲೇಮು ತಿರಸ್ಕಾರವಾಗುತ್ತದೆ. ಎರೆಹೊಲದಲ್ಲಿ ಹೂತು ನಿಂತರೆ ಎಳೆದು ತರುವ ಖರ್ಚನ್ನೂ ಸೇರಿಸಬೇಕು. ಇದೆಲ್ಲ ಹೇಳುವಾಗ ಸಾಹೇಬರು ಒಮ್ಮೆಯೂ ಜೀಪಿನ ಕಡೆ ನೋಡಲಿಲ್ಲ. ಪಾಲಿಸಿ ಕೈಗೆ ಕೊಟ್ಟ ದಿನ ಆ ಅಚ್ಚಿನ ಚೂರನ್ನೂ ಕೊಟ್ಟು, ‘ಇದರದು ಒಂದು ಹೆಚ್ಚಿಗಿ ತೆಗೆದಿದ್ದೆ, ನೀವs ಇಟ್ಕೊಳ್ರಿ. ನನ್ನ ಬ್ಯಾಗಿನ್ಯಾಗ ಬ್ಯಾಡ’ ಅಂದರು.

ಭಾನುವಾರಗಳಲ್ಲಿ ಜೀಪು ತೆಗೆಯತೊಡಗಿದೆ. ಒಂದು ವಾರ ಕೂಡ್ಲಿಗಿ ಕಡೆಗೆ, ಇನ್ನೊಂದು ವಾರ ಹಡಗಲಿಯ ಅಮ್ಮನ ತವರಿಗೆ. ಅದರ ಶಬ್ದಕ್ಕೆ ವಯಸ್ಸಾದವರು ಮಾತ್ರ ತಿರುಗಿ ನೋಡುತ್ತಿದ್ದರು. ಹಿರೇಹಡಗಲಿಯಲ್ಲಿ ಚಹಾ ಕುಡಿಯಲು ನಿಲ್ಲಿಸಿದರೆ ಕಟ್ಟೆಯ ಮೇಲಿನ ಒಬ್ಬ ಮುದುಕ ಎದ್ದು ಬಂದು ತನ್ನ ಎಡ ರಟ್ಟೆ ಸವರಿಕೊಳ್ಳುತ್ತ, ‘ಸೂಜಿ ಗಾಡಿ ಅಲ್ಲೇನಿದು?’ ಅಂದ.

ಜೀಪು ಬಂದ ಮೇಲೆ ಹಳೆಯ ಕನಸೊಂದು ಮರಳಿ ಬಂತು. ಚಿಕ್ಕವಳಿದ್ದಾಗ ಎಷ್ಟೋ ಸಲ ಬಿದ್ದ ಕನಸು. ಹಸಿರು ಬೆಳಕು, ನೀರಿನೊಳಗೆ ಇದ್ದ ಹಾಗೆ. ಎಲ್ಲವೂ ಅಲುಗಾಡುತ್ತಿರುತ್ತದೆ. ಹಸಿರು ಬಳೆ ತೊಟ್ಟ ಕೈಯೊಂದು ನನ್ನ ಕೈ ಹಿಡಿದಿರುತ್ತದೆ. ಬಿಸಿ ಕೈ. ಬಳೆಗಳು ಸದ್ದು ಮಾಡುತ್ತಿರುತ್ತವೆ. ಕೈ ನಿಧಾನವಾಗಿ ತಣ್ಣಗಾಗುತ್ತದೆ, ಬಳೆಗಳ ಸದ್ದು ಮಾತ್ರ ನಿಲ್ಲುವುದಿಲ್ಲ. ಇಷ್ಟೇ. ಮುಖ ಇಲ್ಲ. ಎದ್ದು ಅಪ್ಪನ ಹತ್ತಿರ ಓಡಿದರೆ ಅವನು ನನ್ನ ಅಂಗೈಯನ್ನು ತನ್ನ ಅಂಗೈಯಲ್ಲಿ ಉಜ್ಜಿ ಬಿಸಿ ಮಾಡುತ್ತಿದ್ದ. ‘ಕನಸು ಅದು, ಮಕ್ಕೊ’ ಅನ್ನುತ್ತಿದ್ದ. ಕೈಯ ಕನಸು ಅಂತ ನಾನು ಹೇಳುವ ಮುಂಚೆಯೇ ಅವನು ಕೈ ಉಜ್ಜುತ್ತಿದ್ದನೇ, ಹೇಳಿದ ಮೇಲೆಯೇ? ಎಷ್ಟು ಯೋಚಿಸಿದರೂ ಈಗ ನೆನಪಾಗುವುದಿಲ್ಲ.

ಒಂದು ಭಾನುವಾರ ನೀಲಗುಂದದ ಗುಡಿ ನೋಡೋಣವೆಂದು ಒಬ್ಬಳೇ ಹೊರಟೆ. ಯಜಮಾನರಿಗೆ ಸೊಂಟ ಹಿಡಿದಿತ್ತು. ನನ್ನ ಜೀಪೇ ಕಾರಣ ಎನ್ನುವುದು ಅವರ ಆರೋಪ. ನೀಲಗುಂದ ಇನ್ನೂ ದೂರ ಇರುವಾಗ ರಸ್ತೆ ಪಕ್ಕದಲ್ಲಿ ಕುರಿಹಟ್ಟಿಯೊಂದು ಬರುತ್ತದೆ, ಹತ್ತು ಹನ್ನೆರಡು ಮನೆ. ಅಲ್ಲಿಗೆ ಬಂದಾಗ ಇಂಜಿನ್ ನಿಂತುಬಿಟ್ಟಿತು. ಕೆಮ್ಮಲಿಲ್ಲ, ಜಗ್ಗಲಿಲ್ಲ, ಸುಮ್ಮನೆ ನಿಂತಿತು. ನಡು ಮಧ್ಯಾಹ್ನ. ಎಲೆ ಅಲುಗುತ್ತಿರಲಿಲ್ಲ. ಜಾಲಿಮರದ ಅಡಿಯಲ್ಲಿ ಕುರಿಮರಿಗಳ ನಡುವೆ ಒಬ್ಬ ಮುದುಕಿ ಕುಳಿತಿದ್ದಳು. ಎಂಬತ್ತು ದಾಟಿರಬೇಕು. ನನ್ನನ್ನು ನೋಡಲಿಲ್ಲ. ಎದ್ದು, ಕೋಲೂರಿಕೊಂಡು, ನೇರ ಜೀಪಿನ ಹಿಂದಕ್ಕೆ ಹೋದಳು. ಕನ್ನಡಿಯಲ್ಲಿ ನೋಡುತ್ತಿದ್ದೆ. ಪರದೆ ಎತ್ತಿದಳು. ಮಲಗಿದ ಮಗುವನ್ನು ನೋಡುವ ಹಾಗೆ ಬಹಳ ಹೊತ್ತು ಒಳಗೆ ನೋಡಿದಳು. ಆಮೇಲೆ ಸದ್ದಾಗದಂತೆ ಪರದೆ ಇಳಿಬಿಟ್ಟಳು. ನನ್ನ ಪಕ್ಕಕ್ಕೆ ಬಂದು ಕೇಳಿದಳು:

‘ನಿಮ್ಮಪ್ಪ ಬರಲಿಲ್ಲೇನವ್ವಾ?’

ನಾನು ಅವಳನ್ನು ಎಂದೂ ಕಂಡವಳಲ್ಲ. ಅಪ್ಪ ತೀರಿಕೊಂಡು ವರ್ಷಗಳಾದವು ಎಂದೆ.

‘ಹೌದೇನು,’ ಅಂದಳು. ‘ವರ್ಷಾ ಒಂದು ಸಲ ಬರತಿದ್ದ. ಅಲ್ಲೇ ಗಾಡಿ ನಿಂದ್ರಸಿ, ಹತ್ತು ನಿಮಿಷ ನಿಂತು, ಹೋಗತಿದ್ದ. ಬರೂದು ಬಿಟ್ಟಾಗ ನಾ ತಿಳಕೊಂಡೆ. ನೀ ಆ ಕೂಸು ಅಲ್ಲೇನು?’

ಅವಳ ಹೆಸರು ಮಾಳವ್ವ. ಕಟ್ಟೆಯ ಮೇಲೆ ಕೂರಿಸಿ, ಗಡಿಗೆಯ ನೀರು ಕೊಟ್ಟು, ಅವಳು ಹೇಳಿದ್ದು ಇದು.

ಅವಳಿಗೆ ಒಬ್ಬಳೇ ಮಗಳು, ಕೆಂಚವ್ವ. ಚೊಚ್ಚಲ ಹೆರಿಗೆಗೆ ಬಂದವಳು. ಹೆರಿಗೆ ಕಷ್ಟವಾಗಿ ರಕ್ತ ನಿಲ್ಲಲಿಲ್ಲ. ಸೂಜಿ ಹಾಕಿ ಊರಿಗೆ ವಾಪಸು ಹೊರಟಿದ್ದ ಅಪ್ಪನ ಜೀಪನ್ನು ಹಟ್ಟಿಯ ಗಂಡಸರು ಅಡ್ಡಗಟ್ಟಿದರು. ಜೀಪಿನಲ್ಲಿ ನಾನಿದ್ದೆ, ನಾಲ್ಕು ವರ್ಷದವಳು. ನನ್ನ ತಮ್ಮನ ಹೆರಿಗೆಗೆಂದು ಅಮ್ಮ ಹಡಗಲಿಗೆ ಹೋಗಿದ್ದಳು. ನನ್ನನ್ನು ಬಿಡಲು ಜಾಗವಿಲ್ಲದೆ ಅಪ್ಪ ಜೊತೆಗೆ ಕರೆದೊಯ್ಯುತ್ತಿದ್ದ. ಆ ದಿನ ಮಳೆಗೆ ಹಳ್ಳದ ದಾರಿ ಮುಚ್ಚಿತ್ತು. ಹೊಲಗಳ ನಡುವೆ ದಾರಿ ತೋರಿಸಲು ಮಾಳವ್ವ ಮುಂದೆ ಕುಳಿತಳು. ಹಿಂದೆ ಕೆಂಚವ್ವ ಮತ್ತು ನಾನು.

‘ಹರಪನಹಳ್ಳಿಗೆ ಹೋಗಿ ಪರದೆ ಎತ್ತಿದ್ವಿ. ಆಕಿ ಹೋಗಿದ್ಲು. ಹೊಟ್ಟ್ಯಾಗಿನ ಕೂಸೂ ಉಳೀಲಿಲ್ಲ. ನಿನ್ನ ಕೈ ಆಕಿ ಕೈಯಾಗ ಇತ್ತು. ಬಿಡಸಾಕ ಬರಲಿಲ್ಲ. ನಿಮ್ಮಪ್ಪ ಒಂದೊಂದs ಬೆರಳು ಬಿಡಿಸಿದ.’

ಅವಳು ಸೆರಗಿನಿಂದ ಬಾಯಿ ಒರೆಸಿಕೊಂಡಳು. ನಾನು ನನ್ನ ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡು ಕುಳಿತಿದ್ದೆ.

‘ಆಕಿ ಬಳಿ ಯಾವ ಬಣ್ಣದವು?’ ಕೇಳಿದೆ.

‘ಹಸರು. ಬಸರಿಗೆ ಇಟ್ಟಿದ್ದು.’

ಆಮೇಲೆ ಅವಳು ನನ್ನ ಮುಖಕ್ಕೆ ಮುಖ ತಂದು, ನಲವತ್ತೈದು ವರ್ಷ ಕಾದಿಟ್ಟ ಮಾತನ್ನು ಕೇಳಿದಳು. ‘ಯವ್ವಾ, ನೀನೊಬ್ಬಾಕಿನ ಇದ್ದಿ ಆಕಿ ಹತ್ರ. ಏನಾರ ಅಂದ್ಲೇನು? ನನ್ನ ಕರದ್ಲೇನು? ನಾ ಮುಂದ ಕುಂತಿದ್ದೆ, ಗಾಡಿ ಸದ್ದಿಗೆ ನನಗ ಕೇಳಿಲ್ಲ.’

ಸುಳ್ಳು ಹೇಳಬಹುದಿತ್ತು. ‘ಅವ್ವಾ ಅಂದಳು’ ಎಂದರೆ ಮುಗಿಯುತ್ತಿತ್ತು. ಶಾಲೆಯಲ್ಲಿ ಸಣ್ಣ ಸಣ್ಣದಕ್ಕೆ ಸುಳ್ಳು ಹೇಳುವವಳೇ ನಾನು. ಆದರೆ ಆ ಕಣ್ಣುಗಳ ಮುಂದೆ ಬಾಯಿ ಏಳಲಿಲ್ಲ. ‘ನನಗ ಏನೂ ನೆನಪಿಲ್ಲ ಅಜ್ಜಿ. ಕೈ ಒಂದ ನೆನಪೈತಿ’ ಅಂದೆ.

‘ಹಂಗಾರ ನನ್ನ ಒಂದು ಸಲ ಕರಕೊಂಡು ಹೋಗು,’ ಅಂದಳು. ‘ಅದೇ ದಾರ್ಯಾಗ. ಅವತ್ತು ಮುಂದ ಕುಂತೆ. ಒಂದು ಸಲ ಹಿಂದ ಕುಂತು ಹೋಗ್ತೀನಿ.’

ಆ ದಿನ ಕೀಲಿ ತಿರುಗಿಸಿದೊಡನೆ ಜೀಪು ಚಾಲೂ ಆಯಿತು. ಮುಂದಿನ ಭಾನುವಾರ ಹೋದೆ. ಬೇಡವೆಂದು ಯಜಮಾನರು ಹೇಳಿದ್ದರು. ಮಾಳವ್ವ ಹೊಸ ಸೀರೆ ಉಟ್ಟು ರಸ್ತೆಯಲ್ಲೇ ನಿಂತಿದ್ದಳು. ಸಜ್ಜೆ ರೊಟ್ಟಿ, ಗುರೆಳ್ಳು ಪುಡಿ ಕಟ್ಟಿದ ಗಂಟನ್ನು ನನ್ನ ಪಕ್ಕದ ಸೀಟಿನಲ್ಲಿಟ್ಟು ಹಿಂದೆ ಹತ್ತಿದಳು. ಅವಳು ಎಷ್ಟು ಹಗುರವಿದ್ದಳೆಂದರೆ ಹತ್ತಿದ್ದು ನನಗೆ ಗೊತ್ತೇ ಆಗಲಿಲ್ಲ. ಚಾಲೂ ಮಾಡುವ ಮುಂಚೆ ನನಗೆ ಅರಿವಿಲ್ಲದೆ ಕತ್ತು ಹಿಂದಕ್ಕೆ ತಿರುಗಿತ್ತು. ತಾಡಪತ್ರಿಯ ಹಸಿರು ಬೆಳಕಿನಲ್ಲಿ ಅವಳು ಬೆಂಚಿನ ತೀರ ತುದಿಗೆ ಸರಿದು ಕುಳಿತಿದ್ದಳು, ಇನ್ನೊಬ್ಬರಿಗೆ ಜಾಗ ಬಿಟ್ಟ ಹಾಗೆ.

ಮೊದಲ ಎರಡು ಮೈಲಿ ಏನೂ ಇಲ್ಲ. ಆಮೇಲೆ ಹಿಂದಿನಿಂದ ಮಾತು ಕೇಳಿಸತೊಡಗಿತು. ಮಾಳವ್ವನ ದನಿಯೇ. ಸಣ್ಣದಾಗಿ, ಮನೆಯ ಮಾತಿನ ಹಾಗೆ. ‘ಹೂಂ... ಅದು ಸತ್ತು ಬಾಳ ದಿನ ಆತು... ಇಲ್ಲ, ಮನಿ ಅದ ಐತಿ, ಮ್ಯಾಲೆ ತಗಡು ಹಾಕೀವಿ...’ ಮುದುಕಿಯರು ತಮ್ಮಷ್ಟಕ್ಕೆ ಮಾತಾಡುವುದು ಹೊಸದಲ್ಲ. ನನ್ನ ಅಜ್ಜಿ ಒಲೆಯ ಜೊತೆಗೇ ಜಗಳ ಮಾಡುತ್ತಿದ್ದಳು. ಆದರೆ ಹಾಗೆ ಮಾತಾಡುವವರು ನಿಲ್ಲಿಸುವುದಿಲ್ಲ. ಮಾಳವ್ವ ನಿಲ್ಲಿಸುತ್ತಿದ್ದಳು, ಒಂದು ಉತ್ತರ ಕೇಳಲು ಎಷ್ಟು ಹೊತ್ತು ಬೇಕೋ ಅಷ್ಟೇ ಹೊತ್ತು. ಕನ್ನಡಿ ನೋಡಬೇಕೆನಿಸಿತು. ನೋಡಲಿಲ್ಲ. ಇಂಜಿನ್ನಿನ ಸದ್ದಿನ ನಡುವೆ ಗಾಜಿನ ಸದ್ದು ಕೇಳಿದ ಹಾಗಾಯಿತು. ಮಾಳವ್ವ ಬಳೆ ತೊಡುವುದಿಲ್ಲ. ಟೂಲ್ ಬಾಕ್ಸ್ ಇರಬೇಕು, ಟೂಲ್ ಬಾಕ್ಸ್ ಎಂದು ನನಗೆ ನಾನೇ ಹೇಳಿಕೊಂಡೆ.

ಆಗಲೇ ಎಡಗಡೆಯ ಮುಂದಿನ ಚಕ್ರ ನನ್ನನ್ನು ಬಿಟ್ಟು ಮುಂದೆ ಓಡಿತು. ನಿಜವಾಗಿ ಓಡಿತು, ಜೋಳದ ಹೊಲದೊಳಗೆ ಅದು ಉರುಳಿಹೋದದ್ದನ್ನು ಕಣ್ಣಾರೆ ಕಂಡೆ. ಒಳಗಿನ ಉಕ್ಕು ಹಳತಾಗಿ ತುಂಡಾಗಿತ್ತೆಂದು ಗ್ಯಾರೇಜಿನವನು ಆಮೇಲೆ ತೋರಿಸಿದ. ಜೀಪು ರಸ್ತೆ ಇಳಿದು, ಬದುವಿಗೆ ಗುದ್ದಿ, ಎಡಕ್ಕೆ ವಾಲಿ ನಿಂತಿತು. ನಾನು ಸ್ಟೇರಿಂಗು ಅಪ್ಪಿಕೊಂಡಿದ್ದೆ. ಇಳಿದು ಹಿಂದಕ್ಕೆ ಓಡಿದೆ.

ಮಾಳವ್ವ ಅರ್ಧ ಹೊರಗೆ, ಅರ್ಧ ಒಳಗೆ ಇದ್ದಳು. ಕಾಲುಗಳು ಹೊರಗೆ ತೂಗಾಡುತ್ತಿದ್ದವು. ಅವಳ ಎಡಗೈ ಮಾತ್ರ ಮೇಲಕ್ಕೆ, ಒಳಗಿನ ಕಡೆಗೆ ನೆಟ್ಟಗೆ ಚಾಚಿತ್ತು, ಯಾರೋ ಹಿಡಿದೆಳೆದ ಹಾಗೆ. ನಾನು ಮುಟ್ಟುತ್ತಲೇ ಆ ಕೈ ಸಡಿಲವಾಗಿ ಕೆಳಗೆ ಬಿತ್ತು. ಬಲ ಹೆಗಲಿನ ಮೂಳೆ ಮುರಿದಿತ್ತು. ಹೊರಗೆ ಬಿದ್ದಿದ್ದರೆ ವಾಲಿದ ಜೀಪಿನ ಅಡಿಗೆ ಸಿಗುತ್ತಿದ್ದಳು.

ದಾರಿಯಲ್ಲಿ ಬಂದ ಆಟೋದಲ್ಲಿ ಆಸ್ಪತ್ರೆಗೆ ಕರೆದೊಯ್ದೆ. ಡಾಕ್ಟರು ಅವಳ ಎಡ ಮುಂಗೈ ತಿರುಗಿಸಿ ನೋಡಿದರು. ಹೊರಗಡೆ ನಾಲ್ಕು ನೀಲಿ ಗೆರೆ, ಒಳಗಡೆ ಒಂದು.

‘ಗಟ್ಟಿಯಾಗಿ ಹಿಡಕೊಂಡಿದ್ರಲ್ಲ ಮೇಡಂ, ಒಳ್ಳೇದಾಯ್ತು,’ ಅಂದರು.

‘ನಾನು ಮುಂದೆ ಇದ್ದೆ,’ ಅಂದೆ.

ಅವರು ಕೇಳಿಸಿಕೊಳ್ಳಲಿಲ್ಲ. ತಾಡಪತ್ರಿಯ ಹಗ್ಗ ಕೈಗೆ ಸುತ್ತಿಕೊಂಡಿರಬೇಕು ಎಂದು ಆಮೇಲೆ ನಾನೇ ತೀರ್ಮಾನಿಸಿದೆ. ಹಗ್ಗಕ್ಕೆ ಅಂಥ ಗೆರೆ ಬರುತ್ತವೆಯೇ ಎಂದು ನನ್ನ ಕೈಗೆ ಸುತ್ತಿ ಎಳೆದೂ ನೋಡಿದೆ. ಬರುತ್ತವೆ, ಸುತ್ತಲೂ ಬರುತ್ತವೆ. ಆ ಪ್ರಯೋಗವನ್ನು ಮಕ್ಕಳಿಗೆ ಹೇಳಿಲ್ಲ.

ಖಾದರ್ ಸಾಹೇಬರಿಗೆ ಫೋನ್ ಮಾಡಿ ಹಿಂದೆ ಒಬ್ಬರು ಕುಳಿತಿದ್ದರು ಎಂದೆ. ‘ಪಾಲಿಸಿ ಐತಲ್ರಿ, ಹೆದರಬ್ಯಾಡ್ರಿ,’ ಅಂದರು.

ತನಿಖೆಗೆಂದು ಕಂಪನಿಯಿಂದ ಒಬ್ಬ ಯುವಕ ಬಂದ. ಹೆಗಲಿಗೆ ಪಟ್ಟಿ ಕಟ್ಟಿಸಿಕೊಂಡು ಹಟ್ಟಿಗೆ ಮರಳಿದ್ದ ಮಾಳವ್ವನ ಹೇಳಿಕೆ ತೆಗೆದುಕೊಳ್ಳಬೇಕಿತ್ತು. ನಾನೂ ಹೋದೆ. ಅವನು ಬಾಗಿಲ ಬಳಿ ಕುಳಿತು, ಮಡಿಲಲ್ಲಿ ಕಾಗದ ಇಟ್ಟುಕೊಂಡು ಕೇಳಿದ, ‘ಅಜ್ಜಿ, ನೀವು ಬಾಡಿಗೆ ಕೊಟ್ಟು ಹತ್ತಿದ್ರೋ, ಸುಮ್ಮನೆ ಹತ್ತಿದ್ರೋ?’

ಎಲ್ಲ ನಿಂತಿದ್ದು ಈ ಒಂದು ಮಾತಿನ ಮೇಲೆ ಅಂತ ಸಾಹೇಬರು ಎಚ್ಚರಿಸಿದ್ದರು. ಸ್ವಂತ ಗಾಡಿಯನ್ನು ಬಾಡಿಗೆಗೆ ಓಡಿಸಿದರೆ ಪಾಲಿಸಿಯಿಂದ ಏನೂ ಬರುವುದಿಲ್ಲ.

‘ಸುಮ್ಮನ ಯಾಕ ಹತ್ತಲಿ?’ ಮಾಳವ್ವನಿಗೆ ಅವಮಾನವಾಯಿತು. ‘ನಾಕು ರೊಟ್ಟಿ, ಗುರೆಳ್ಳು ಪುಡಿ ಕೊಟ್ಟೀನಿ. ಪುಕ್ಕಟೆ ಹೋಗೋ ಮಂದಿ ಅಲ್ಲ ನಾವು.’

ಯುವಕ ಪೆನ್ನು ಎತ್ತಿ ನನ್ನ ಕಡೆ ನೋಡಿದ. ‘ರೊಟ್ಟಿ ತಿಂದ್ರಾ ಮೇಡಂ?’

‘ತಿಂದೆ,’ ಅಂದೆ. ‘ಆಸ್ಪತ್ರೆಯ ಬೆಂಚಿನ ಮೇಲೆ.’

ಅವನು ‘ನಮ್ಮಜ್ಜಿನೂ ಹಿಂಗೇ,’ ಎಂದು ನಕ್ಕು, ‘ಬಾಡಿಗೆ ಇಲ್ಲ’ ಎಂದು ಬರೆದ. ಆಮೇಲೆ ಕೇಳಿದ, ‘ಗಾಡಿಯಲ್ಲಿ ಒಟ್ಟು ಎಷ್ಟು ಜನ ಇದ್ರಿ?’

‘ಮೂರು ಮಂದಿ,’ ಅಂದಳು ಮಾಳವ್ವ.

ಅವನ ಪೆನ್ನು ನಿಂತಿತು. ‘ಮೇಡಂ ಇಬ್ಬರು ಅಂತ ಬರೆದುಕೊಟ್ಟಿದ್ದಾರಲ್ಲ. ಮೂರನೆಯವರು ಯಾರು?’

ನಿಜ ಹೇಳುತ್ತೇನೆಂದು ಸಹಿ ಹಾಕಿದವಳು ನಾನು. ಇಬ್ಬರು ಎಂದು ಬಾಯಿ ಬಿಟ್ಟು ಹೇಳಲು ಆಗಲಿಲ್ಲ. ಮಾಳವ್ವ ನನ್ನನ್ನು ನೋಡಿದಳು, ಅವನನ್ನು ನೋಡಿದಳು. ಕೊನೆಗೆ ಕೈಯಾಡಿಸಿ ಅಂದಳು: ‘ಇಬ್ಬರು ಅಂತನ ಬರಕೊಳ್ಳಪ್ಪ. ಆಕಿಗೆ ಏನೂ ಪೆಟ್ಟಾಗಿಲ್ಲ.’

ಅವನು ನಗಲಿಲ್ಲ. ಇಬ್ಬರು ಎಂದು ಬರೆದು, ಹೆಬ್ಬೆಟ್ಟು ಒತ್ತಿಸಿಕೊಂಡು, ಕೊಟ್ಟ ಮಜ್ಜಿಗೆ ಕುಡಿಯದೆ ಎದ್ದ. ಕೆಲವು ತಿಂಗಳಾದ ಮೇಲೆ ಕ್ಲೇಮು ಲೋಕ ಅದಾಲತ್ತಿನಲ್ಲಿ ರಾಜಿಯಾಗಿ, ಮಾಳವ್ವನ ಚಿಕಿತ್ಸೆಯದ್ದೆಲ್ಲ ಬಂತು. ಜೀಪೂ ರಿಪೇರಿಯಾಯಿತು.

ಹೇಳಿಕೆ ತೆಗೆದುಕೊಂಡ ದಿನ ಆ ಯುವಕ ಹೋದ ಮೇಲೆ ನಾವಿಬ್ಬರೇ ಉಳಿದೆವು. ಬಿಸಿಲು ಹೊಸ್ತಿಲಿನವರೆಗೆ ಬಂದಿತ್ತು. ಹಟ್ಟಿಯಲ್ಲಿ ಒಂದು ಮರಿಯೂ ಕೂಗುತ್ತಿರಲಿಲ್ಲ. ದೆವ್ವ ಇಲ್ಲವೆಂದು ಪಾಠ ಮಾಡುವ ನಾನು ದನಿ ತಗ್ಗಿಸಿ ಕೇಳಿದೆ, ‘ಅಜ್ಜಿ, ಅವತ್ತು ಹಿಂದ ಏನ್ ಮಾತಾಡಿದ್ರಿ?’

‘ಮನಿ ಮಾತು. ನಮ್ಮ ಮಾತು.’

‘ಆಕಿ ಏನಂದ್ಲು?’

ಮಾಳವ್ವ ಪಟ್ಟಿ ಕಟ್ಟಿದ ಹೆಗಲನ್ನು ಸರಿಮಾಡಿಕೊಂಡಳು. ಎಡಗೈಯಿಂದ ನನ್ನ ಬಲಗೈ ತೆಗೆದುಕೊಂಡು ಮಡಿಲಲ್ಲಿಟ್ಟುಕೊಂಡಳು.

‘ನನ್ನ ಏನೂ ಕೇಳಲಿಲ್ಲವ್ವ ಆಕಿ,’ ಅಂದಳು. ‘ನಿನ್ನs ಕೇಳಿದ್ಲು. ಆ ಕೂಸು ಅವತ್ತು ಬಾಳ ಅತ್ತೇನು ಅಂತ.’

ಆ ದಿನ ಅತ್ತಿದ್ದೆನೋ ಇಲ್ಲವೋ, ಹೇಳಲು ಅಪ್ಪ ಇಲ್ಲ, ನನಗೆ ನೆನಪಿಲ್ಲ. ಮಾಳವ್ವನ ಮನೆಯ ಹೊಸ್ತಿಲಿನಲ್ಲಿ, ಹಾಡುಹಗಲಿನಲ್ಲಿ, ಅವಳು ಸಾಕು ಅನ್ನುವವರೆಗೆ ಅತ್ತೆ. ಅವಳು ಕೈ ಬಿಡಲಿಲ್ಲ. ಅದು ಬೆಚ್ಚಗಿತ್ತು.